ರೈಲಿನಲ್ಲಿ ಬಂದ ತೊಡೆದೇವು

ನಮ್ಮ ಕಡೆ ಬಸ್ಸೆಂದರೆ ಬರೀ ಜನ ಓಡಾಡುವ ಗಾಡಿಯಲ್ಲ. ಶಿಕಾರಿಪುರದಲ್ಲಿ ಹೊಲಿದ ರವಿಕೆ ಉಳವಿಗೆ ಹೋಗಬೇಕೇ? ಕಂಡಕ್ಟರ್ ಕೈಗೆ ಕೊಟ್ಟರೆ ಮುಗಿಯಿತು. “ನಮ್ಮ ತಂಗಿ ನಿಂತಿರ್ತಾಳ್ರೀ, ಕೊಟ್ಬಿಡ್ರಿ” ಅಂದರೆ ಆತ ಅದನ್ನು ಡ್ರೈವರ್ ಸೀಟಿನ ಹಿಂದೆ ತುರುಕುತ್ತಾನೆ. ಸೊರಬದಲ್ಲಿ ಬಸ್ಸು ಬದಲಾದರೆ ಇನ್ನೊಬ್ಬ ಕಂಡಕ್ಟರಿಗೆ ದಾಟಿಸುತ್ತಾನೆ. ಮರೆತುಹೋದ ಕನ್ನಡಕ, ಸಕ್ಕರೆ ಕಾಯಿಲೆಯ ಮಾತ್ರೆ, ಒಮ್ಮೆಯಂತೂ ಬುಟ್ಟಿಯಲ್ಲಿ ಒಂದು ಬೆಕ್ಕಿನ ಮರಿ, ಎಲ್ಲವನ್ನೂ ನಾನು ಹೀಗೇ ಕಳಿಸಿದ್ದೇನೆ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ತಂಗಿ ಮಾಡಿದ್ದನ್ನು ಓದಿ ನೀವು ಅವಳನ್ನು ಪೆದ್ದಿ ಅನ್ನಬಾರದು. ಪೆದ್ದಿ ಅನ್ನುವ ಹಕ್ಕು ನನಗೊಬ್ಬಳಿಗೇ ಇರುವುದು.

ನಾವಿಬ್ಬರೂ ತಾಳಗುಂದದಲ್ಲಿ ಹುಟ್ಟಿದವರು. ನನ್ನನ್ನು ಶಿಕಾರಿಪುರಕ್ಕೆ ಕೊಟ್ಟರು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅವಳನ್ನು ಸೊರಬ ತಾಲ್ಲೂಕಿನ ಉಳವಿಗೆ ಕೊಟ್ಟರು. ಮದುವೆಯಾಗಿ ಒಂದೇ ವರ್ಷದಲ್ಲಿ ಮಾತು ಬದಲಾಯಿಸಿಕೊಂಡು, “ಎಂತ ಮಾರಾಯ್ತಿ” ಅನ್ನಲು ಶುರು ಮಾಡಿದಳು. ನಾನು ಇವತ್ತಿಗೂ ಅದನ್ನು ಆಡಿಕೊಳ್ಳುತ್ತೇನೆ. ಆದರೆ ಅತ್ತೆಯಿಂದ ಅವಳು ಮಾತಿನ ಜೊತೆ ಒಂದು ಕೆಲಸವನ್ನೂ ಕಲಿತಳು. ಅದು ತೊಡೆದೇವು ಮಾಡುವುದು. ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ, ಮೇಲೆ ಬೆಲ್ಲ, ಅಕ್ಕಿಹಿಟ್ಟು ಕಲಸಿದ ತೆಳು ಹಿಟ್ಟನ್ನು ಬಟ್ಟೆಯಿಂದ ಒಂದೇ ಸಲಕ್ಕೆ ಸವರಬೇಕು. ಕ್ಷಣದಲ್ಲಿ ಕಾಗದದಂಥ ಹಾಳೆ ಏಳುತ್ತದೆ. ಬಿಸಿ ಇರುವಾಗಲೇ ಮಡಚಬೇಕು. ತಣಿದ ಮೇಲೆ ಮುಟ್ಟಿದರೆ ಪುಡಿ. ಅವಳ ಕೈಯ ತೊಡೆದೇವು ನಾಲಿಗೆಯ ಮೇಲಿಟ್ಟರೆ ಸಾಕು, ಹಲ್ಲಿಗೆ ಕೆಲಸವೇ ಇಲ್ಲ.

ಶಿವಮೊಗ್ಗಕ್ಕೆ ಲೈನಿಂಗ್ ಬಟ್ಟೆ ತರಲು ಹೋದಾಗ ಒಂದು ಸಿಹಿ ಅಂಗಡಿಯವರಿಗೆ ರುಚಿ ತೋರಿಸಿದವಳು ನಾನೇ. ಅವರು ವಾರಕ್ಕೊಂದು ಡಬ್ಬಿ ಕೇಳಿದರು. ತಂಗಿ ಅಕ್ಕಪಕ್ಕದ ಇಬ್ಬರು ಹೆಂಗಸರನ್ನು ಸೇರಿಸಿಕೊಂಡು ಕೂತಳು. ಆದರೆ ನಮ್ಮ ರಸ್ತೆ ಗೊತ್ತಲ್ಲ! ಬಸ್ಸಿನಲ್ಲಿ ಬಂದ ಡಬ್ಬಿಯ ಮುಚ್ಚಳ ತೆಗೆದರೆ ಮೇಲೆ ನಾಲ್ಕು ಹಾಳೆ, ಕೆಳಗೆಲ್ಲ ನುಚ್ಚು. ಮೂರು ಸಲ ಹೀಗಾದ ಮೇಲೆ ಅಂಗಡಿಯವರು ಬೇಸರದಿಂದಲೇ ಹೇಳಿದರು. “ಅಮ್ಮಾ, ರುಚಿ ಬಗ್ಗೆ ಮಾತಿಲ್ಲ. ಆದ್ರೆ ಗಿರಾಕಿಗೆ ಚಮಚದಲ್ಲಿ ಅಳೆದು ಕೊಡಕ್ಕಾಗುತ್ತಾ? ಇನ್ನೊಂದ್ಸಲ ಪುಡಿಯಾದ್ರೆ ಬೇಡ, ಬಿಟ್ಬಿಡಿ.”

ತಂಗಿಗೆ ಫೋನಿನಲ್ಲಿ ಹೇಳಿದೆ. “ಆ ಇಬ್ರಿಗೆ ಎಂತ ಹೇಳ್ಲಿ ಅಕ್ಕಾ? ಮೊನ್ನೆಯಷ್ಟೇ ಬೇರೆ ಕೆಲಸ ಬಿಟ್ಟು ಬಂದಿದಾರೆ” ಅಂದಳು. ಅವಳ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. ಮನೆಯವರು ಕೊಟ್ಟಿದ್ದನ್ನು ತೆಗೆದುಕೊಂಡು ಸುಮ್ಮನಿದ್ದವಳು, ತನ್ನದೇ ಒಂದು ಕೆಲಸ ಅಂತ ಹಿಡಿದದ್ದು ಇದೊಂದನ್ನೇ. ಅದು ಹೋಗುವುದು ನನಗೆ ಬೇಡವಾಗಿತ್ತು.

ಆಗ ನೆನಪಾದದ್ದು ರೈಲು. ಹಿಂದೆ ಸಾಗರದ ಮದುವೆಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿದ್ದೆ; ಪಕ್ಕದಲ್ಲಿಟ್ಟ ಟೀ ಲೋಟದಿಂದ ಒಂದು ಹನಿ ಚೆಲ್ಲಿರಲಿಲ್ಲ. ನಮ್ಮ ಬಸ್ಸಿನಲ್ಲಾದರೆ ಟೀ ಇರಲಿ, ಹೊಟ್ಟೆಯೊಳಗಿನ ಊಟವೂ ನಿಲ್ಲುವುದಿಲ್ಲ. ಉಳವಿಯಿಂದ ಸಾಗರಕ್ಕೆ ಬಸ್ಸು, ಅಷ್ಟು ದೂರ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಆಯಿತು. ಅಲ್ಲಿಂದ ಶಿವಮೊಗ್ಗಕ್ಕೆ ರೈಲು. “ಸಾಗರದಲ್ಲಿ ರೈಲಿಗೆ ಹಾಕು, ಶಿವಮೊಗ್ಗದಲ್ಲಿ ನಾ ಇಳಿಸ್ಕೊಂತೀನಿ” ಅಂದೆ. ಅವಳು ಹೂಂ ಅಂದಳು. ಇಬ್ಬರಿಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಕಾಣುವುದಾದರೂ ಹೇಗೆ? ಶಿಕಾರಿಪುರಕ್ಕೆ ರೈಲು ಬರುತ್ತದೆ ಅಂತ ಕೇಳಿ ಕೇಳಿ ಕಿವಿ ತೂತಾಗಿದ್ದು ಬಿಟ್ಟರೆ ನಮಗೆ ರೈಲಿನ ರೀತಿ ರಿವಾಜು ಏನು ಗೊತ್ತು? ಈಗೇನೋ ಕೆಲಸ ನಡೆಯುತ್ತಿದೆ. ನನ್ನ ಅಂಗಡಿಗೆ ಬರುವ ಹೆಂಗಸರು ರವಿಕೆ ಅಳತೆ ಕೊಡುತ್ತಲೇ, ಸ್ಟೇಷನ್ ರೋಡಿನಲ್ಲಿ ಯಾರು ಹೋಟೆಲ್ ಹಾಕಬೇಕು, ಯಾರು ಆಟೋ ಬಿಡಬೇಕು ಅಂತ ಆಗಲೇ ಹಂಚಿಕೊಂಡಾಗಿದೆ. ನನಗೂ ಒಂದು ಮಳಿಗೆ ಕೊಟ್ಟಿದ್ದಾರೆ, ಪುಣ್ಯಾತ್ಗಿತ್ತಿಯರು.

ಆ ದಿನ ಬೆಳಿಗ್ಗೆ ಶಿವಮೊಗ್ಗದ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ನಿಂತೆ. ತಂಗಿಯ ಫೋನ್ ಬಂತು.

“ಅಕ್ಕಾ, ಹಿಂದಿನ ಬೋಗಿಯ ಗಾರ್ಡಿಗೆ ಡಬ್ಬಿ ಕೊಡಕ್ಕೆ ಹೋದೆ. ‘ಅಮ್ಮಾ, ಇದು ಬಸ್ಸಲ್ಲ’ ಅಂದ್ರು. ಅಷ್ಟೊತ್ತಿಗೆ ಸೀಟಿ ಊದ್ಬಿಟ್ರು. ಕಿಟಕಿ ಹತ್ರ ಕೂತಿದ್ದ ಒಬ್ರು ಅಕ್ಕಂಗೆ ಹೇಳಿ ಒಳಗಿಟ್ಟು ಇಳಿದೆ.”

“ಯಾವ ಅಕ್ಕ?”

“ನೀಲಿ ಸೀರೆ.”

“ಅಯ್ಯೋ ನಿನ್ನ! ನೀನ್ಯಾಕೆ ಬರ್ಲಿಲ್ಲ?”

“ನೀನು ಡಬ್ಬಿ ಹಾಕು ಅಂದಿದ್ದು. ನನ್ನ ಬಾ ಅಂದ್ಯಾ?”

ಅವಳು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಗಂಟೆಗೂ ಮೀರಿ ಕಾದ ಮೇಲೆ ರೈಲು ಬಂದು ನಿಂತಿತು. ನೀಲಿ ಸೀರೆ ಹುಡುಕುತ್ತಾ ಓಡಿದೆ. ದೇವರೇ, ಶಿವಮೊಗ್ಗಕ್ಕೆ ಕೆಲಸಕ್ಕೆ ಬರುವ ಹೆಂಗಸರೆಲ್ಲ ಆವತ್ತೇ ನೀಲಿ ಉಡಬೇಕೇ! ಕೊನೆಗೆ ಒಂದು ಬೋಗಿಯ ಮುಂದೆ ಜನ ಗುಂಪುಕಟ್ಟಿದ್ದು ಕಂಡಿತು. ನಡುವೆ ನಮ್ಮ ತಗಡಿನ ಡಬ್ಬಿ. ಬಾಯಿಗೆ ಟೇಪು ಸುತ್ತಿ, ಮೇಲೆ ಹಳೇ ಸೀರೆಯ ತುಂಡು ಬಿಗಿದು, ಬಾಂಬು ಅಂದರೂ ನಂಬಬೇಕು, ಹಾಗೆ ಕಟ್ಟಿದ್ದಳು. ಪಕ್ಕದಲ್ಲಿ ಒಬ್ಬ ರೈಲ್ವೆ ಪೊಲೀಸು, ಎದುರಿಗೆ ನೀಲಿ ಸೀರೆಯ ಹೆಂಗಸು.

“ನಿಮ್ದು ಅಂತೀರಿ, ಒಳಗೇನಿದೆ ಅಂದ್ರೆ ಗೊತ್ತಿಲ್ಲ ಅಂತೀರಿ. ಇದೆಂಥ ಕಥೆ?” ಅಂತ ಪೊಲೀಸಪ್ಪ ಕೇಳುತ್ತಿದ್ದರು.

ಪಾಪ, ಆಕೆ ಯಾರೋ. ರೈಲಿನಲ್ಲಿ ಡಬ್ಬಿ ಯಾರದು ಅಂತ ಕೇಳಿದಾಗ, ತನ್ನದಲ್ಲ ಅಂದರೆ ಎಲ್ಲಿ ಅದನ್ನು ದಾರಿಯಲ್ಲೇ ಇಳಿಸಿಬಿಡುತ್ತಾರೋ ಅಂತ ಹೆದರಿ “ನಂದೇ” ಅಂದುಬಿಟ್ಟಿದ್ದಾಳೆ. ನಾನು ನುಗ್ಗಿ, “ಅದು ನಮ್ದ್ರೀ, ನನ್ನ ತಂಗಿದು, ತೊಡೆದೇವು” ಅಂದೆ.

“ತೆಗೀರಿ ನೋಡೋಣ.”

“ತೆಗೆದ್ರೆ ಗಾಳಿ ತಾಗಿ ಮೆತ್ತಗಾಗ್ತವ್ರೀ. ಅಂಗಡಿಗೆ ಕೊಡ್ಬೇಕು. ಮೆತ್ತಗಾದ್ರೆ ಅಷ್ಟೂ ನೀವೇ ತಗೋಬೇಕು, ನೋಡ್ರಿ ಮತ್ತೆ!”

“ತೆಗೀರಮ್ಮಾ.”

ಬೈದುಕೊಳ್ಳುತ್ತಲೇ ಟೇಪು ಕಿತ್ತೆ. ನಿಜ ಹೇಳಬೇಕೆಂದರೆ ನನಗಿದ್ದದ್ದು ಪೊಲೀಸರ ಭಯವಲ್ಲ. ಒಳಗೆ ನುಚ್ಚು ಕಂಡರೆ ತಂಗಿಗೆ ಏನು ಹೇಳಲಿ ಅಂತ. ಮುಚ್ಚಳ ತೆಗೆದೆ. ಹಾಳೆಯ ಮೇಲೆ ಹಾಳೆ, ಇಸ್ತ್ರಿ ಮಾಡಿ ಜೋಡಿಸಿದ ಬಟ್ಟೆಯ ಹಾಗೆ ಕೂತಿದ್ದವು. ಬೆರಳು ಬಿಟ್ಟು ಕೆಳಗಿನವರೆಗೂ ನೋಡಿದೆ. ಒಂದು ಅಂಚೂ ಮುರಿದಿರಲಿಲ್ಲ.

“ಮುರಿದಿಲ್ಲ! ನೋಡ್ರಿ ಸಾರ್, ಒಂದೂ ಮುರಿದಿಲ್ಲ!” ಅಂತ ನಾನು ಕೂಗಿಕೊಂಡದ್ದಕ್ಕೆ ಪೊಲೀಸಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ನಗು ಬಂದು, ಒಳಗಿಂದ ಹೊಸ ಟೇಪು ತಂದು ತಾವೇ ಸುತ್ತಿಕೊಟ್ಟರು. “ಇನ್ಮೇಲೆ ಸಾಮಾನಿನ ಜೊತೆ ಮನುಷ್ಯರೂ ಬರ್ಬೇಕು” ಅಂತ ಬುದ್ಧಿವಾದವನ್ನೂ ಸೇರಿಸಿದರು.

ನೀಲಿ ಸೀರೆಯಾಕೆ ನನ್ನ ಜೊತೆ ಹೊರಗಿನವರೆಗೂ ನಡೆದು ಬಂದಳು. ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸ, ಮನೆ ತಾಳಗುಪ್ಪದ ಕಡೆ. “ಬಸ್ಸಲ್ಲಿ ಓಡಾಡಿದ್ರೆ ಅರ್ಧ ಸಂಬಳ ಟಿಕೆಟಿಗೇ ಹೋಗ್ತಿತ್ತು. ಇಲ್ಲಿ ರೂಮು ಮಾಡಿದ್ರೆ ಉಳಿದರ್ಧವೂ ಹೋಗ್ತಿತ್ತು. ಪಾಸ್ ಇರೋದ್ರಿಂದ ಊರಲ್ಲೇ ಇದ್ದು ದುಡೀತಿದೀನಿ ಅಕ್ಕಾ. ನಿಮ್ಮ ತಂಗಿನೇ ಬರ್ಲಿ, ನಾವೆಲ್ಲ ಇರ್ತೀವಿ, ಜಾಗ ಹಿಡಿದಿಡ್ತೀವಿ” ಅಂದಳು. ಆಮೇಲೆ ಮೆಲ್ಲಗೆ, “ತೊಡೆದೇವು ನಮಗೂ ಕೊಡ್ತಾರಾ?” ಅಂತ ಕೇಳಿದಳು.

ಅಂಗಡಿಯವರು ಡಬ್ಬಿ ಬಿಚ್ಚಿ ಒಂದು ಹಾಳೆಯನ್ನು ಬೆಳಕಿಗೆ ಹಿಡಿದರು. “ಮುಂದಿನ ವಾರ ಎರಡು ಡಬ್ಬಿ ಇರ್ಲಿ. ಆದ್ರೆ ವಾರ ತಪ್ಪಬಾರದು” ಅಂದರು.

ತಂಗಿಗೆ ಖುಷಿಯ ಜೊತೆಗೇ ಗಾಬರಿ. “ನಾ ರೈಲು ಹತ್ತಲ್ಲ ಮಾರಾಯ್ತಿ. ಬಸ್ಸಾದ್ರೆ ಹೋಲ್ಡಾನ್ ಅಂದ್ರೆ ನಿಲ್ಲುತ್ತೆ. ಇದು ಎಲ್ಲಿಗೆ ಹೊತ್ಕೊಂಡು ಹೋಗುತ್ತೋ!”

“ಶಿವಮೊಗ್ಗಕ್ಕೇ ಹೋಗುತ್ತೆ ಕಣೇ! ಹಳಿ ಬಿಟ್ಟು ನಿಮ್ಮೂರ ಗದ್ದೆಗೆ ಇಳಿಯಲ್ಲ. ಬರ್ತೀಯೋ, ಇಲ್ಲಾ ಆ ಇಬ್ರಿಗೂ ಕೆಲಸ ಇಲ್ಲ ಅಂತ ಹೇಳ್ತೀಯೋ?”

ಬಂದಳು. ಎರಡು ಡಬ್ಬಿಯನ್ನು ಮಕ್ಕಳಂತೆ ಅವುಚಿಕೊಂಡು, ಬಿಳಿಚಿಕೊಂಡ ಮುಖದಲ್ಲಿ ಇಳಿದಳು. ಹಿಂದಿನಿಂದ ನಾಲ್ಕೈದು ಹೆಂಗಸರು, “ಸಂಜೆ ಇದೇ ಬೋಗಿ ಕಣ್ರೀ” ಅಂತ ಕೂಗುತ್ತಿದ್ದರು. ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹೋದ ವಾರದ ಕೊನೆಯ ಹಾಳೆಗಳು ಇನ್ನೂ ಇದ್ದವು. ಗಿರಾಕಿಯೊಬ್ಬರು ಅವನ್ನೇ ತೋರಿಸಿ, “ಎಲ್ಲಿಂದ ತರಿಸ್ತೀರಿ?” ಅಂದರು. ಅಂಗಡಿಯವರು ಗದ್ದದಿಂದಲೇ ನಮ್ಮ ಕಡೆ ತೋರಿಸಿದರು. ತಂಗಿ ನನ್ನ ಹಿಂದೆ ಸರಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳಿಗೇನನ್ನಿಸಿತೋ, ಮುಂದೆ ಬಂದು, ಬೇಕಾದ್ದಕ್ಕಿಂತ ಜೋರಾಗಿಯೇ, “ಉಳವಿಯಿಂದ. ನಾನೇ ಮಾಡಿದ್ದು” ಅಂದಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಕಣ್ಣು ತುಂಬಿ ಬಂತು.

ಸಂಜೆ ಅವಳನ್ನು ಹತ್ತಿಸಲು ಪ್ಲಾಟ್‌ಫಾರ್ಮಿಗೆ ಹೋದೆ. ಸೀಟು ಹುಡುಕಿಕೊಡೋಣ ಅಂತ ಬಾಗಿಲಿಗೆ ಕಾಲಿಟ್ಟರೆ, “ನೀ ಇಳಿ ಅಕ್ಕಾ, ರೈಲು ಬಿಡ್ತದೆ. ಆಮೇಲೆ ನಿನ್ನ ಸಾಗರಕ್ಕೆ ಹೊತ್ಕೊಂಡು ಹೋಗ್ತದೆ” ಅಂತ ನನಗೇ ಹೇಳಿಕೊಟ್ಟಳು! ಒಳಗೆ ಆ ಹೆಂಗಸರು ಅವಳಿಗೆ ಜಾಗ ಮಾಡಿದರು. ಕೂತವಳೇ ಯಾರಿಗೆ ಎಷ್ಟು ಬೇಕು ಅಂತ ವಿಚಾರಿಸತೊಡಗಿದಳು. ನಾನು ಕಿಟಕಿಯ ಹೊರಗೆ ಕೈಬೀಸುತ್ತಾ ನಿಂತಿದ್ದರೆ ಅವಳಿಗೆ ಲಕ್ಷ್ಯವೇ ಇಲ್ಲ. ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಅಂತ ಹೇಳಲು ನಾಚಿಕೆಯಿಲ್ಲ. ಅವಳು ಆರಾಮಾಗಿ ಕೂತು ವ್ಯಾಪಾರ ಮಾಡುತ್ತಾ ಹೋಗುತ್ತಾಳೆ, ನಾನು ಶಿಕಾರಿಪುರದ ಬಸ್ಸಿನಲ್ಲಿ ಬಟ್ಟೆಯ ಗಂಟು ಹೊತ್ತು ನಿಂತು ಹೋಗಬೇಕು. ನಮ್ಮೂರಿಗೂ ಬೇಗ ಬಾರಪ್ಪಾ ಅಂತ ಆ ರೈಲಿಗೇ ಬಾಯಿಬಿಟ್ಟು ಹೇಳಿದೆ.

ಗಾಡಿ ಹೊರಟು ಸ್ವಲ್ಪ ಮುಂದೆ ಹೋದ ಮೇಲೆ ಅವಳು ಕಿಟಕಿಗೆ ಮುಖ ಒತ್ತಿ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ ಕೂಗಿದಳು.

“ಅಕ್ಕಾ, ಇನ್ನೊಂದು ಒಲೆ ಹಾಕ್ತೀನಿ!”