ಮೀನಿನಕ್ಕನಿಗೆ ಬರುವ ಫೋನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಹಜಾರದಲ್ಲಿ, ಗಾಜಿನ ತೊಟ್ಟಿಯ ಮುಂದೆ ಮೀನಿನಕ್ಕ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಪುಟ್ಟ ಟಾರ್ಚು. ಹೊಟ್ಟೆ ಮೇಲಾಗಿ ತೇಲುತ್ತಿರುವ ಗೋಲ್ಡ್‌ಫಿಶ್ ಒಂದರ ಮೈಮೇಲೆ ಆ ಬೆಳಕನ್ನು ಇಂಚಿಂಚಾಗಿ ಸರಿಸುತ್ತಿದ್ದಾರೆ. ಮೀನು ಸತ್ತಿಲ್ಲ, ಕಿವಿರು ಆಡುತ್ತಿದೆ. ಆಗೊಮ್ಮೆ ಈಗೊಮ್ಮೆ ಬಾಲ ಬಡಿದು ನೆಟ್ಟಗಾಗಲು ನೋಡುತ್ತದೆ. ಅರ್ಧಕ್ಕೇ ಸೋತು ಮತ್ತೆ ಮಗುಚಿಕೊಳ್ಳುತ್ತದೆ.

ಹಿಂದೆ ನಿಂತಿರುವ ಆ ಮನೆಯ ಸೊಸೆಗೆ ಗಟ್ಟಿಯಾಗಿ ಉಸಿರಾಡಲೂ ಭಯ. ಮೀನು ಅವಳದಲ್ಲ, ಅತ್ತೆಯದು. ಹೊಟ್ಟೆಯ ಆಪರೇಷನ್ ಆಗಿ ಅತ್ತೆ ಆಸ್ಪತ್ರೆಯಲ್ಲಿದ್ದಾರೆ. ಹೋಗುವಾಗ ಬೀರುವಿನ ಬೀಗದ ಕೈಯನ್ನು ಅವರು ಯಾರಿಗೂ ಕೊಡಲಿಲ್ಲ, ಈ ಮೀನನ್ನು ಮಾತ್ರ ಸೊಸೆಗೆ ಒಪ್ಪಿಸಿ ಹೋದರು. ಅದಕ್ಕೆ ಅವರಿಟ್ಟ ಹೆಸರು ದೊರೆ. ಈ ವಾರದೊಳಗೆ ಅವರು ಮನೆಗೆ ಬರುತ್ತಾರೆ.

“ಅಕ್ಕಾ, ಉಳಿಯುತ್ತಾ?”

ಮೀನಿನಕ್ಕ ತಿರುಗಿ ನೋಡುವುದಿಲ್ಲ. “ಗೊತ್ತಿಲ್ಲಮ್ಮಾ. ಸುಳ್ಳು ಯಾಕೆ ಹೇಳ್ಲಿ.”

ಮನೆ ಮನೆಗೆ ಹೋಗಿ ಮೀನಿನ ತೊಟ್ಟಿ ತೊಳೆಯುವುದು ಅವರ ಕೆಲಸ. ನೀರು ಬದಲಿಸುವುದು, ಗಾಜಿಗೆ ಅಂಟಿದ ಪಾಚಿ ಕೆರೆಯುವುದು, ಕಲ್ಲಿನ ಸಂದಿಯ ಕೊಳೆಯನ್ನು ಪೈಪಿನಿಂದ ಎಳೆಯುವುದು. ಮೊದಲು ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿದ್ದರು. ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಗಾಳಿ ಊದಿ, ಮೀನು ಬಿಟ್ಟು ರಬ್ಬರ್ ಬ್ಯಾಂಡ್ ಬಿಗಿಯುವ ಕೆಲಸ. ಅಂಗಡಿ ಮುಚ್ಚಿದ ಮೇಲೆ ಹಳೆಯ ಗಿರಾಕಿಗಳೇ ಹುಡುಕಿಕೊಂಡು ಬಂದರು. ಒಂದು ಮನೆ ಹತ್ತು ಮನೆಯಾಯಿತು, ಹತ್ತು ಇಪ್ಪತ್ತಾಯಿತು. ಹೆಸರು ಹಿಡಿದು ಕರೆಯುವವರು ಈಗ ತವರಿನಲ್ಲಿ ಮಾತ್ರ ಉಳಿದಿದ್ದಾರೆ.

ಬಕೆಟ್ ಹೊತ್ತು ಮೆಟ್ಟಿಲು ಹತ್ತಿ ಮಂಡಿ ಸವೆದಿದೆ. ಬೆರಳ ಸಂದಿ ಬಿರಿದು ಉರಿಯುತ್ತದೆ. ಮುಲಾಮು ಹಚ್ಚುವಂತಿಲ್ಲ, ಅದರ ಜಿಡ್ಡು ನೀರಿಗೆ ಇಳಿದರೆ ಮೀನಿಗೆ ಆಗದು. ಕೆಲಸಕ್ಕೆ ಹೊರಡುವ ಮೊದಲು ಕೈಗೆ ಸೋಪು ಕೂಡ ಮುಟ್ಟಿಸುವುದಿಲ್ಲ. “ನನ್ನ ತಂಗಿ ಹೇಳ್ತಾಳೆ, ನೀನು ಬರೋದು ಮೂಗಿಗೇ ಮೊದ್ಲು ಗೊತ್ತಾಗತ್ತೆ ಅಂತ” ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಜೇಬಿನ ಫೋನು ಹೊಡೆದುಕೊಂಡರೆ ಸಾಕು, ಮುಖ ಇಳಿದುಹೋಗುತ್ತದೆ. “ಚೆನ್ನಾಗಿದ್ದಾಗ ಮೀನಿನೋಳು ಯಾರಿಗೆ ಬೇಕು? ಫೋನ್ ಬಂತು ಅಂದ್ರೆ ಎಲ್ಲೋ ಏನೋ ಆಗಿದೆ ಅಂತಾನೇ.”

ಇವತ್ತಿನ ಅಂಜಿಕೆ ಬೇರೆಯದೇ. ಅವರ ಚೀಲದಲ್ಲಿ ಮನೆಗೊಂದರಂತೆ ಪುಟ್ಟ ಬಲೆಗಳಿವೆ, ಒಂದೊಂದರ ಹಿಡಿಗೂ ಒಂದೊಂದು ಬಣ್ಣದ ದಾರ. ಒಂದು ತೊಟ್ಟಿಯ ರೋಗ ಇನ್ನೊಂದಕ್ಕೆ ದಾಟುವುದು ಒದ್ದೆ ಬಲೆಯ ಮೇಲೆ ಕೂತೇ. ಈ ಮನೆಯದು ಕೆಂಪು ದಾರದ ಬಲೆ. ಕಳೆದ ಸಲ ಅದು ಹರಿದಿತ್ತು. ಅವಸರದಲ್ಲಿ ಪಕ್ಕದ ಬೀದಿಯ ಮನೆಯ ನೀಲಿ ದಾರದ ಬಲೆಯನ್ನು ಬಿಸಿನೀರಲ್ಲಿ ಅದ್ದಿ ಇಲ್ಲಿ ಬಳಸಿಬಿಟ್ಟರು. ಆ ನೀಲಿ ದಾರದ ಮನೆಯಲ್ಲಿ ಮೊನ್ನೆ ಎರಡು ಮೀನುಗಳು ಮೈತುಂಬ ಬಿಳಿ ಚುಕ್ಕಿ ಎದ್ದು ಸತ್ತಿವೆ.

ಟಾರ್ಚು ಹುಡುಕುತ್ತಿರುವುದು ಅದೇ ಚುಕ್ಕಿಯನ್ನು. ರೆಕ್ಕೆಯ ಅಂಚು, ಬಾಲದ ಬುಡ, ಕಣ್ಣಿನ ಸುತ್ತ, ಎಲ್ಲೂ ಇಲ್ಲ. ಆದರೂ ಅವರಿಗೆ ನೆಮ್ಮದಿಯಿಲ್ಲ. ಚುಕ್ಕಿ ತಡವಾಗಿ ಏಳುವುದೂ ಉಂಟು. ನುಂಗಿಕೊಂಡು ಕೂರಲಾರದೆ ಸೊಸೆಗೆ ಬಲೆಯ ವಿಷಯ ಹೇಳಿಬಿಡುತ್ತಾರೆ. “ನನ್ನಿಂದಾನೇ ಆಗಿರಬಹುದಮ್ಮಾ. ಹಾಗಿದ್ರೆ ಇದೊಂದಕ್ಕೇ ಮುಗಿಯಲ್ಲ. ಆಮೇಲೆ ಎಷ್ಟು ಮನೆಗೆ ಹೋಗಿದೀನೋ.”

ಮೀನಿನಕ್ಕ ಮತ್ತೆ ತೊಟ್ಟಿಯತ್ತ ಬಗ್ಗುತ್ತಾರೆ. ಈಗ ಅವರ ಕಣ್ಣು ಮೀನಿನ ಹೊಟ್ಟೆಯ ಮೇಲೆ. ಅದು ನಿಂಬೆಹಣ್ಣಿನಂತೆ ಉಬ್ಬಿದೆ. ತಳದ ಕಲ್ಲುಗಳ ನಡುವೆ ತಿನ್ನದೆ ಬಿಟ್ಟ ಕಾಳು ಕೊಳೆತು ಬೂಸಲು ಹಿಡಿದಿದೆ.

“ಊಟ ಹಾಕೋದು ಯಾರು?”

ತಾನೇ, ಬೆಳಿಗ್ಗೆ ಒಂದು ಚಿಟಿಕೆ ಎನ್ನುತ್ತಾಳೆ ಸೊಸೆ. ಅಷ್ಟರಲ್ಲಿ ಹಲ್ಲುಜ್ಜುತ್ತಾ ಬಂದ ಅವಳ ಗಂಡ, ಸಂಜೆ ತಾನೂ ಹಾಕುತ್ತೇನಲ್ಲ ಎನ್ನುತ್ತಾನೆ. ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಪೇಪರಿನ ಹಿಂದೆ ಅಡಗಿದ್ದ ಮಾವನವರು ಕೆಮ್ಮುತ್ತಾರೆ.

ಕೊನೆಗೆ ಗುಟ್ಟು ರಟ್ಟಾಗುತ್ತದೆ. ಆಸ್ಪತ್ರೆಯ ಮಂಚದಿಂದ ಅತ್ತೆ ದಿನವೂ ಫೋನ್ ಮಾಡುತ್ತಾರೆ, ಒಬ್ಬರಿಗಲ್ಲ, ಮೂವರಿಗೂ ಬೇರೆ ಬೇರೆಯಾಗಿ. ಮೊದಲ ಪ್ರಶ್ನೆ ಒಂದೇ: ದೊರೆಗೆ ಊಟ ಹಾಕಿದ್ರಾ? ಆಪರೇಷನ್ ಆದವರಿಗೆ ಸುಳ್ಳು ಹೇಳಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಫೋನ್ ಬಂದವರು ಬಂದ ಹಾಗೆಯೇ ಎದ್ದು ಹೋಗಿ ಒಂದು ಚಿಟಿಕೆ ಹಾಕಿ, ಹೂಂ ಹಾಕಿದೆ ಎಂದಿದ್ದಾರೆ. ಮಾವನವರಿಗಂತೂ ಮಧ್ಯಾಹ್ನ ನಿದ್ದೆ ಬಾರದಾಗಲೂ ಹೆಂಡತಿಯ ಮೀನಿಗೆ ಉಣಿಸಿದರೆ ಸಮಾಧಾನ.

“ಹೊಟ್ಟೆ ಕಟ್ಟಿದೆ” ಎನ್ನುತ್ತಾರೆ ಮೀನಿನಕ್ಕ. “ಹಾಗಂತ ಕಾಣತ್ತೆ. ಬಲೆಯದಲ್ಲ ಅಂತ ಮಾತ್ರ ನಾನು ಇನ್ನೂ ಹೇಳಲ್ಲ.”

ಮಾವನವರು ಪೇಪರು ಮಡಚುತ್ತಾರೆ. “ಫೋನಿನ ವಿಷಯ ಅವಳ ಹತ್ರ ಹೇಳೋ ಧೈರ್ಯ ನನಗಂತೂ ಇಲ್ಲಪ್ಪ.”

ಮದ್ದು ಒಂದೇ, ಉಪವಾಸ. ಬಕೆಟ್ಟಿನಲ್ಲಿ ಇಡೀ ದಿನ ನಿಂತು ಕ್ಲೋರಿನ್ ವಾಸನೆ ಹೋದ ನಲ್ಲಿ ನೀರನ್ನು ಮೀನಿನಕ್ಕ ತಂದು, ತೊಟ್ಟಿಯ ಸ್ವಲ್ಪ ನೀರು ತೆಗೆದು, ಅದನ್ನು ನಿಧಾನವಾಗಿ ತುಂಬುತ್ತಾರೆ. ಕೊಳೆತ ಕಾಳನ್ನೆಲ್ಲ ಪೈಪಿನಲ್ಲಿ ಎಳೆಯುತ್ತಾರೆ. ಕಾಳಿನ ಡಬ್ಬಿಯನ್ನು ತಮ್ಮ ಚೀಲಕ್ಕೇ ಹಾಕಿಕೊಳ್ಳುತ್ತಾರೆ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ, ನಿಮ್ಮ ಪ್ರೀತಿಯ ಮೇಲೆ ಇಲ್ಲ ಎಂದು ಮಾವನವರಿಗೆ ಹೇಳುತ್ತಾರೆ.

ಮಾರನೇ ದಿನವೂ ಬರುತ್ತಾರೆ, ಅದರ ಮಾರನೇ ದಿನವೂ. ಪ್ರತಿ ಸಲ ಮೊದಲು ಟಾರ್ಚು ಚುಕ್ಕಿ ಹುಡುಕುತ್ತದೆ, ಆಮೇಲೆ ಹೊಟ್ಟೆ ನೋಡುತ್ತದೆ. ನಡುವೆ ಉಳಿದ ಮನೆಗಳಿಗೂ ಹೋಗಿ, ಕೆಲಸವಿಲ್ಲದಿದ್ದರೂ ತೊಟ್ಟಿಗಳಿಗೆ ಟಾರ್ಚು ಬಿಟ್ಟು ಬರುತ್ತಾರೆ. ಚೀಲದಲ್ಲಿದ್ದ ನೀಲಿ ದಾರದ ಬಲೆಯನ್ನು ಕತ್ತರಿಸಿ ಎಸೆದಿದ್ದಾರೆ. ತಟ್ಟೆಯ ಅನ್ನ ಹಾಗೇ ಉಳಿಯುತ್ತಿದೆ ಎಂದು ತಂಗಿಯ ದೂರು: “ಮೀನಿನ ಜೊತೆ ಇವಳದೂ ಉಪವಾಸ.”

ಮೂರನೆಯ ಬೆಳಿಗ್ಗೆ ದೊರೆ ಹೊಟ್ಟೆ ಮೇಲೆ ಮಾಡಿಲ್ಲ, ಪಕ್ಕಕ್ಕೆ ವಾಲಿದ್ದಾನೆ. ಕಟ್ಟಿದ ಹೊಟ್ಟೆ ಸಡಿಲಾಗಲೆಂದು ಸೊಸೆ ಒಂದೇ ಒಂದು ಹಸಿ ಬಟಾಣಿ ಬೇಯಿಸಿಕೊಡುತ್ತಾಳೆ. ಮೀನಿನಕ್ಕ ಸಿಪ್ಪೆ ಸುಲಿದು, ಉಗುರಿನ ತುದಿಯಷ್ಟು ಹಿಸುಕಿ, ಬಾಯಿಯ ಹತ್ತಿರ ಬಿಡುತ್ತಾರೆ. ಮೀನು ಮುಟ್ಟುವುದಿಲ್ಲ. ಚೂರು ಕೆಳಗಿಳಿಯುತ್ತದೆ. ಮತ್ತೊಂದು ಚೂರು, ಅದೂ ಹೋಯಿತು. ಇನ್ನೊಂದು ಬಿಡುತ್ತಾರೆ. ದೊರೆ ವಾಲಿಕೊಂಡೇ ಬಂದು ಬಾಯಿಗೆ ಹಾಕಿಕೊಳ್ಳುತ್ತಾನೆ, ಉಗುಳುತ್ತಾನೆ, ಮತ್ತೆ ಹಾಕಿಕೊಳ್ಳುತ್ತಾನೆ.

ಅತ್ತೆ ಅಂದೇ ಬರುತ್ತಾರೆ. ಮಗನ ತೋಳು ಹಿಡಿದು, ಹೊಟ್ಟೆಗೆ ಕೈ ಒತ್ತಿಕೊಂಡು, ನೇರ ತೊಟ್ಟಿಯ ಹತ್ತಿರ. ಏನಾಯ್ತು ಇವನಿಗೆ ಎಂದು ಕೇಳಿದಾಗ ಮೂವರೂ ಗೋಡೆ ನೋಡುತ್ತಾರೆ. ಉತ್ತರ ಕೊಡುವವರು, ಇನ್ನೊಮ್ಮೆ ನೋಡಲು ಬಂದಿದ್ದ ಮೀನಿನಕ್ಕ: ಊಟ ಹೆಚ್ಚಾಗಿ ಹೊಟ್ಟೆ ಕೆಟ್ಟಿತ್ತು, ಉಪವಾಸ ಹಾಕಿದೆ, ಪೂರ್ತಿ ಗುಣವಾಗಿದೆ ಎನ್ನಲಾರೆ. ಫೋನಿನ ಮಾತು ಎತ್ತುವುದಿಲ್ಲ.

ಅತ್ತೆ ಗಾಜಿಗೆ ಮುಖ ಹಚ್ಚಿ ನೋಡುತ್ತಾರೆ. “ನನಗೂ ಅಲ್ಲಿ ಹೀಗೇ ಮಾಡಿದ್ರು. ಹನಿ ನೀರು ಕೊಡದೆ ಮಲಗಿಸಿದ್ರು. ಆ ನರ್ಸಿಗೆ ಎಷ್ಟು ಶಾಪ ಹಾಕಿದೀನಿ ಗೊತ್ತಾ? ಇವನು ನಿನಗೆ ಹಾಕಿರ್ತಾನೆ ಬಿಡು.”

ಕೆಲ ದಿನಗಳ ಮೇಲೆ ಇನ್ನೊಂದು ಮನೆ, ಇನ್ನೊಂದು ನಸುಕು. ಮೊಣಕೈವರೆಗೆ ನೀರಲ್ಲಿ ಕೈ ಇಳಿಸಿದ್ದಾಗ ಜೇಬಿನಲ್ಲಿ ಫೋನು. ಹೆಗಲ ಟವೆಲಿಗೆ ಕೈ ಒರೆಸಿ ನೋಡುತ್ತಾರೆ, ಅದೇ ಅತ್ತೆ. ಕಿವಿಗಿಟ್ಟವರು ಆ ಕಡೆಯವರಿಗೆ ಮಾತಾಡಲೂ ಬಿಡದೆ ಕೇಳುತ್ತಾರೆ: “ಯಾವಾಗ ಹೋಯ್ತಮ್ಮಾ?”

“ಎಲ್ಲಿಗೆ ಹೋಗ್ತಾನೆ? ಇಲ್ಲೇ ಇದಾನೆ. ನೆಟ್ಟಗೆ ಓಡಾಡ್ತಿದಾನೆ. ಮೈಮೇಲೆ ಒಂದು ಚುಕ್ಕಿ ಇಲ್ಲ, ಸೊಸೆ ನಿನ್ನ ಹಾಗೇ ಟಾರ್ಚ್ ಬಿಟ್ಟು ನೋಡಿದ್ಲು. ಸುಮ್ನೆ ಹೇಳೋಣ ಅಂತ ಮಾಡ್ದೆ.”

ಮೀನಿನಕ್ಕ ಫೋನು ಜೇಬಿಗಿಟ್ಟು, ಬಕೆಟ್ಟಿನ ಪಕ್ಕ ನೆಲದ ಮೇಲೆ ಒಂದು ಗಳಿಗೆ ಕೂರುತ್ತಾರೆ. ಆ ಮನೆಯಾಕೆ ಗಾಬರಿಯಿಂದ, ಏನಾಯಿತಂತೆ ಎಂದು ಕೇಳುತ್ತಾರೆ.

“ಏನೂ ಆಗಿಲ್ಲವಂತೆ” ಎನ್ನುತ್ತಾರೆ ಅಕ್ಕ. “ಅದನ್ನ ಹೇಳೋಕೇ ಫೋನ್ ಮಾಡಿದ್ರು.”