ಹತ್ತರಲ್ಲಿ ಒಂದು ಗುಂಡು

ರೈಫಲ್ ಮುಖ್ಯವೋ, ಹೊಡೆಯುವವರ ಕೈ ಮುಖ್ಯವೋ ಎಂದು ಯಾರಾದರೂ ಚರ್ಚೆ ತೆಗೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕೈಯೇ ಮುಖ್ಯ ಎನ್ನುವವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನೀವು ಹೊಡೆಯುವ ರೈಫಲ್ ಯಾರದು? ಸ್ವಂತದ್ದು ಎಂದರೆ ಅವರ ಜೊತೆ ಮುಂದೆ ಮಾತಾಡುವುದಿಲ್ಲ.

ನಾನು ಯಲಹಂಕದ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ವಿದ್ಯಾರ್ಥಿಗಳಿಗೆ ಸ್ಕ್ರೂ ಗೇಜು, ವರ್ನಿಯರ್ ಕ್ಯಾಲಿಪರ್ ಕೊಡುವುದು, ಬಳಸುವುದನ್ನು ಹೇಳಿಕೊಡುವುದು, ಸಂಜೆ ಎಲ್ಲವನ್ನೂ ಬೀರುವಿಗೆ ಸೇರಿಸುವುದು, ಇದನ್ನೇ ಹದಿನಾರು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ನಲವತ್ತು ತುಂಬುವ ಹೊತ್ತಿಗೆ, ಕಾಲೇಜಿನ ನಾಲ್ವರು ಹುಡುಗಿಯರನ್ನು ಸೇರಿಸಲೆಂದು ಅಲ್ಲಾಳಸಂದ್ರದ ಒಂದು ಶೂಟಿಂಗ್ ರೇಂಜಿಗೆ ಹೋದೆ. ಸೋಫಾ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಐದು ಜನ ಸಾಲಾಗಿ ನಿಂತು ಹೊಡೆಯುವಷ್ಟು ಜಾಗ. ಹತ್ತು ಮೀಟರ್ ಆಚೆ ಕಾಗದದ ಟಾರ್ಗೆಟ್, ಅದರ ಮೇಲೆ ಅಂಕದ ವೃತ್ತಗಳು, ನಡುವೆ ಹತ್ತು ಅಂಕದ ಚುಕ್ಕೆ. ವಾಕ್ಯದ ಕೊನೆಯಲ್ಲಿ ಇಡುತ್ತೇವಲ್ಲ, ಅಷ್ಟೇ ದೊಡ್ಡ ಚುಕ್ಕೆ. ಹುಡುಗಿಯರು ಎರಡು ತಿಂಗಳಿಗೆ ಬಿಟ್ಟರು, ಅವರ ಜೊತೆ ಸೇರಿಕೊಂಡ ನಾನು ಬಿಡಲಿಲ್ಲ. ನಿಂತ ಜಾಗದಲ್ಲಿ ನಿಂತು, ಯಾರಿಗೂ ಉತ್ತರ ಕೊಡದೆ ಒಂದು ಗಂಟೆ ಕಳೆಯುವುದು ನನ್ನ ಬಾಳಿನಲ್ಲಿ ಅದೇ ಮೊದಲು. ಐದು ವರ್ಷ ಬಿಡದೆ ಹೋದೆ.

ನಮಗೆ ಹೇಳಿಕೊಡುತ್ತಿದ್ದ ಕೋಚ್ ವಿಜಯಪುರದ ಕಡೆಯವರು, ಸೇನೆಯಲ್ಲಿದ್ದು ನಿವೃತ್ತರಾದವರು. ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. ರೈಫಲ್ ಇಲ್ಲದ ನಮ್ಮಂಥವರಿಗೆ ಕ್ಲಬ್ಬಿನ ಒಂದು ಹಳೆಯ ಏರ್ ರೈಫಲ್ ಇತ್ತು. ಅದರಲ್ಲಿ ಹೊಡೆಯುವ ಉಳಿದವರೆಲ್ಲ ಹೊಸಬರು, ಅವರ ಗುಂಡು ಹೇಗೂ ಎಲ್ಲೆಲ್ಲೋ ಬೀಳುತ್ತಿತ್ತು. ನನ್ನ ಪಕ್ಕದ ಜಾಗದಲ್ಲಿ ಹೆಬ್ಬಾಳದ ಫ್ಲ್ಯಾಟಿನಿಂದ ಬರುವ ಒಬ್ಬ ಬಿಲ್ಡರ್ ಹೊಡೆಯುತ್ತಿದ್ದರು. ಅವರದು ಸ್ವಂತ ಜರ್ಮನ್ ರೈಫಲ್. ಬಿಲ್ಡರ್ ಅದನ್ನು ಪೆಟ್ಟಿಗೆಯಿಂದ ತೆಗೆಯುವಾಗ ಕೋಚ್ ತಾವೇ ಹೋಗಿ ಮುಚ್ಚಳ ಹಿಡಿಯುತ್ತಿದ್ದರು.

ಐದನೆಯ ವರ್ಷ ರಾಜ್ಯಮಟ್ಟದ ಸ್ಪರ್ಧೆ ಡಿಸೆಂಬರಿನಲ್ಲಿತ್ತು. ನಿಗದಿಯಾದಷ್ಟು ಅಂಕ ಬಂದರೆ ರಾಷ್ಟ್ರಮಟ್ಟಕ್ಕೆ ಹೋಗಬಹುದು. ಹಿಂದಿನ ವರ್ಷ ಅದು ಕೂದಲೆಳೆಯಲ್ಲಿ ತಪ್ಪಿಹೋಗಿತ್ತು. ಈ ಸಲ ಬಂದೇ ಬರುತ್ತದೆಂದು ಕೋಚ್ ಹೇಳಿದ್ದರು, ಪ್ರಿನ್ಸಿಪಾಲರೂ ರಜೆ ಕೊಡುವುದಾಗಿ ಒಪ್ಪಿದ್ದರು. ನನ್ನ ಹೆಸರಿನ ಮುಂದೆ ಲ್ಯಾಬು ಬಿಟ್ಟು ಬೇರೇನಾದರೂ ಇರಲಿ ಎಂಬ ಆಸೆ ನನಗೆ ವಿಪರೀತ ಇತ್ತು. ಅದನ್ನು ಮುಚ್ಚಿಡುವುದೇಕೆ?

ದಸರಾ ಕಳೆದ ಮೇಲೆ ಗುಂಡುಗಳು ಗುರಿ ಬಿಟ್ಟು ಹಾರತೊಡಗಿದವು. ಒಂಬತ್ತು ಗುಂಡು ಒಂದರ ಮೇಲೊಂದು ಕೂರುತ್ತಿದ್ದವು, ಒಂದು ಮಾತ್ರ ಏಳಕ್ಕೋ ಆರಕ್ಕೋ ಹೋಗಿ ಬೀಳುತ್ತಿತ್ತು. ಯಾವುದು ಹಾರುತ್ತದೆಂದು ಮೊದಲೇ ಗೊತ್ತಾಗುತ್ತಿರಲಿಲ್ಲ. ಉಸಿರು ಸರಿಯಿತ್ತು, ಗುರಿ ಸರಿಯಿತ್ತು, ಬೆರಳು ಸರಿಯಿತ್ತು, ಆದರೂ ಹಾರುತ್ತಿತ್ತು.

"ಸರ್, ರೈಫಲ್ ಒಂದ್ಸಲ ಬಿಚ್ಚಿ ನೋಡ್ತೀರಾ?" ಎಂದೆ.

"ರೈಫಲ್ ಸುಳ್ಳ ಹೇಳೂದಿಲ್ಲ ತಂಗಿ" ಎಂದರು ಕೋಚ್. "ಒಂಬತ್ತ ಚಲೋ ಹೊಡದಾಕಿಗೆ ಹತ್ತನೇದ ಯಾಕ ಬರವಲ್ದು? ರೈಫಲ್ ಕೆಟ್ಟಿದ್ರ ಹತ್ತೂ ಕೆಡಬೇಕಿತ್ತಲ್ಲ? ತಲ್ಯಾಗ ಏನೋ ಐತಿ ನಿನಗ."

ಕೇಳಲು ಎಷ್ಟು ಸರಿಯಾಗಿದೆ ಆ ಮಾತು! ನಾನೂ ನಂಬಿದೆ. ಕಾಫಿ ಬಿಟ್ಟೆ. ಬೆಳಿಗ್ಗೆ ಪ್ರಾಣಾಯಾಮ ಶುರು ಮಾಡಿದೆ. ಕೊಡಿಗೇಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ, ಬಟ್ಟೆ ಒಣಹಾಕುವ ಕೋಲಿಗೆ ನೀರಿನ ಬಾಟಲಿ ಕಟ್ಟಿ, ಭುಜಕ್ಕಿಟ್ಟುಕೊಂಡು ಅರ್ಧರ್ಧ ಗಂಟೆ ನಿಲ್ಲುತ್ತಿದ್ದೆ. "ಗೋಡೆ ಏನೇ ಮಾಡ್ತು ನಿಂಗೆ? ಹಿಂಗ್ ನೋಡ್ತಿದ್ಯಲ್ಲಾ" ಎಂದು ಗಂಡ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಹಾರಿದ ಪ್ರತಿಯೊಂದು ಗುಂಡಿಗೂ ನನ್ನಲ್ಲೇ ಒಂದು ಕಾರಣ ಹುಡುಕುತ್ತಿದ್ದೆ: ನಿದ್ದೆ ಸಾಲಲಿಲ್ಲ, ಅತ್ತೆಯ ಮಾತು ಮನಸ್ಸಿನಲ್ಲಿತ್ತು, ವಯಸ್ಸಾಯಿತು.

ಕೋಚ್ ಒಂದು ಸಂಜೆ ದನಿ ತಗ್ಗಿಸಿ, "ಮನ್ಯಾಗ ಎಲ್ಲಾ ಸರಿ ಐತಿಲ್ಲವ್ವಾ?" ಎಂದು ಕೇಳಿದರು. ಅವರು ಕಾಳಜಿಯಿಂದಲೇ ಕೇಳಿದ್ದು. ಆದರೆ ಪಕ್ಕದಲ್ಲಿ ನಿಂತವರೆಲ್ಲ ಕಿವಿ ನಿಮಿರಿಸಿಕೊಂಡಿದ್ದರು. ನಾನು ತಲೆ ತಗ್ಗಿಸಿ ಹೂಂ ಎಂದೆ. ಹಾಗೆ ಹೂಂ ಅಂದದ್ದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅದೇ ವಾರ ಬಿಲ್ಡರ್ ಹೊಡೆದ ಮೂರು ಗುಂಡು ಹಾರಿದವು. ಕೋಚ್ ಓಡಿ ಬಂದರು. ಸ್ಕ್ರೂ ಬಿಗಿ ಮಾಡಿದರು, ಬ್ಯಾರಲ್ ಕ್ಲೀನ್ ಮಾಡಿದರು, ಪೆಲೆಟ್ಟಿನ, ಅಂದರೆ ಸೀಸದ ಗುಂಡಿನ, ಡಬ್ಬಿಯನ್ನೇ ಬದಲಾಯಿಸಿದರು. "ನಿಮ್ಮ ಕೈಯಾಗ ಹಿಂಗ ಆಗೂದು ಸಾಧ್ಯಾನ ಇಲ್ರಿ ಸರ. ಪೆಲೆಟ್ ಬ್ಯಾಚ್ ಸರಿ ಇಲ್ಲ" ಎಂದರು. ಮೂರಡಿ ಆಚೆ ನಿಂತು ನಾನು ಅದನ್ನೆಲ್ಲ ಕೇಳಿಸಿಕೊಂಡೆ. ಅವರ ಗುಂಡು ತಪ್ಪಿದರೆ ಪೆಲೆಟ್ಟಿನ ದೋಷ, ನನ್ನ ಗುಂಡು ತಪ್ಪಿದರೆ ತಲೆಯ ದೋಷ. ಆಗಲಾದರೂ ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ.

ಸ್ಪರ್ಧೆಯಲ್ಲಿ ಅರವತ್ತು ಗುಂಡು ಹೊಡೆಯಬೇಕು. ನನ್ನವು ಐದು ಹಾರಿದವು. ಬೇಕಾದ ಅಂಕಕ್ಕೆ ನಾಲ್ಕು ಕಡಿಮೆಯಾಯಿತು. "ಮುಂದಿನ ವರ್ಷ ಐತಲ್ಲ. ಮನಸ್ಸ ಗಟ್ಟಿ ಮಾಡ್ಕೋ" ಎಂದರು ಕೋಚ್. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಮಾಮೂಲಿನಂತೆ ನಿಂತ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ.

ಸೋಮವಾರ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಸ್ಕ್ರೂ ಗೇಜಿನಿಂದ ತಂತಿಯ ದಪ್ಪ ಅಳೆಯುತ್ತಿದ್ದಳು. ನಾಲ್ಕನೇ ಸಲವೂ ಉತ್ತರ ತಪ್ಪಾಗಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ನಾನು ಗೇಜನ್ನು ಇಸಿದುಕೊಂಡು ನೋಡಿದೆ. ಅದು ಏನನ್ನೂ ಹಿಡಿಯದೆ ಮುಚ್ಚಿದಾಗಲೂ ಸೊನ್ನೆ ತೋರಿಸುತ್ತಿರಲಿಲ್ಲ.

"ಅಳೆಯೋಕ್ ಮುಂಚೆ ಝೀರೋ ಎರರ್ ನೋಡು ಅಂತ ಎಷ್ಟ್ ಸಲ ಹೇಳಿದೀನಿ? ಮೊದಲು ಉಪಕರಣ ಸರಿ ಇದೆಯಾ ನೋಡ್ಬೇಕು ಕಣಮ್ಮಾ" ಎಂದು ರೇಗಿದೆ.

"ನಾನೇ ತಪ್ ಓದ್ತಿದೀನಿ ಅಂದ್ಕೊಂಡೆ, ಮೇಡಂ" ಎಂದಳು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಹದಿನಾರು ವರ್ಷ ಊರಿಗೆಲ್ಲ ಹೇಳಿದ ಪಾಠವನ್ನು ನನಗೆ ನಾನು ಒಂದು ದಿನವೂ ಹೇಳಿಕೊಂಡಿರಲಿಲ್ಲ.

ಅಂದೇ ಸಂಜೆ, ಪ್ರಿನ್ಸಿಪಾಲರನ್ನು ಕೇಳಿ ಪಡೆದು, ವಸ್ತುಗಳನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಲ್ಯಾಬಿನ ಕಬ್ಬಿಣದ ವೈಸನ್ನು ಚೀಲದಲ್ಲಿ ಹಾಕಿಕೊಂಡು ಆಟೋ ಹತ್ತಿದೆ. ರೇಂಜಿನ ಮೇಜಿಗೆ ಅದನ್ನು ಬಿಗಿದು, ಎರಡು ಮರದ ತುಂಡುಗಳ ನಡುವೆ ಕ್ಲಬ್ಬಿನ ರೈಫಲನ್ನು ಅಲ್ಲಾಡದಂತೆ ಹಿಡಿಸಿದೆ. "ಏನ್ ಮಾಡಾಕ್ಹತ್ತೀ ತಂಗಿ?" ಎಂದು ಕೋಚ್ ಕೇಳುತ್ತಲೇ ಇದ್ದರು. ನಾನು ಒಂದೊಂದೇ ಪೆಲೆಟ್ ಹಾಕಿ ಟ್ರಿಗರ್ ಒತ್ತುತ್ತಾ ಹೋದೆ. ಇಪ್ಪತ್ತು ಗುಂಡುಗಳಲ್ಲಿ ಹದಿನೆಂಟು ಒಂದೇ ತೂತಿನೊಳಗೆ ಹೋದವು. ಎರಡು ಹಾರಿ ಹೊರಗೆ ಬಿದ್ದವು.

ಟಾರ್ಗೆಟ್ ಕಾಗದವನ್ನು ತಂದು ಅವರ ಮುಂದೆ ಹಿಡಿದೆ. "ಈ ವೈಸ್ ತಲೇಲಿ ಏನಿದೆ ಸರ್? ಇದರ ಮನೇಲಿ ಎಲ್ಲಾ ಸರಿ ಇದೆಯಾ ಕೇಳಿ."

ಕೋಚ್ ರೈಫಲನ್ನು ತೆಗೆದುಕೊಂಡು, ಬ್ಯಾರಲ್ಲಿನ ತುದಿಗೆ ಹಾಕಿದ್ದ ಕೊಳವೆಯನ್ನು ತಿರುಗಿಸಿ ಬಿಚ್ಚಿದರು. ಒಳಗೆ ಒಣಗಿ ಗಟ್ಟಿಯಾದ ಗಂಧ, ಅದರಲ್ಲಿ ಕಚ್ಚಿಕೊಂಡ ಎರಡು ಕಾಳು ಅಕ್ಷತೆ. ಹೊರಟ ಪೆಲೆಟ್ ಆಗೊಮ್ಮೆ ಈಗೊಮ್ಮೆ ಅದಕ್ಕೆ ಸವರಿಕೊಂಡು ದಾರಿ ತಪ್ಪುತ್ತಿತ್ತು.

ಆಯುಧಪೂಜೆಯ ದಿನ ರೈಫಲ್ಲಿನ ಬಾಯಿಗೆ ಗಂಧ ಹಚ್ಚಿದವರು ಕೋಚ್ ಅವರೇ. ಅಕ್ಷತೆ ಹಾಕಿ ಕಣ್ಣು ಮುಚ್ಚಿ ಕೈಮುಗಿದವರಲ್ಲಿ ನಾನೂ ಒಬ್ಬಳು. ಪೂಜೆಯ ಗಂಧ ಕುಂಕುಮವನ್ನು ಒರೆಸಬಾರದು, ತಾನಾಗಿ ಉದುರಬೇಕು ಎಂದು ಅವರು ಹೇಳಿದ್ದರಿಂದ ಯಾರೂ ಬಟ್ಟೆ ಮುಟ್ಟಿಸಿರಲಿಲ್ಲ. ಬಿಲ್ಡರ್ ಮಾತ್ರ ತಮ್ಮ ರೈಫಲನ್ನು ಹೊರಗೆ ತೆಗೆಯದೆ, ಪೆಟ್ಟಿಗೆಯ ಮೇಲೆ ಹೂವಿಡಿಸಿ ಮನೆಗೆ ಒಯ್ದಿದ್ದರು. ನನ್ನ ಸಿಟ್ಟು ಗಂಧದ ಮೇಲಲ್ಲ, ದೇವರ ಮೇಲಂತೂ ಅಲ್ಲ. ಎರಡು ತಿಂಗಳು ನನ್ನ ತಲೆಯೊಳಗೆ, ನನ್ನ ಮನೆಯೊಳಗೆ ಇಣುಕಿದವರು ಆ ಕೊಳವೆಯೊಳಗೆ ಇಣುಕಲಿಲ್ಲವಲ್ಲ, ಅದಕ್ಕೆ ಸಿಟ್ಟು.

"ಬ್ಯಾಡ್ ಲಕ್ ಮೇಡಂ, ಛೇ" ಎಂದರು ಬಿಲ್ಡರ್.

"ಲಕ್ ಅಲ್ಲ ಸರ್. ಯಾರೂ ನೋಡ್ಲಿಲ್ಲ, ಅಷ್ಟೇ."

ಕೋಚ್ ಕೊಳವೆಯನ್ನು ತಾವೇ ತೊಳೆದು, ಒರೆಸಿ, ಮತ್ತೆ ಕೂರಿಸಿದರು. "ತಪ್ಪಾತವ್ವ" ಎಂದರು, ನನ್ನ ಮುಖ ನೋಡದೆ. ಆಮೇಲೆ ರೈಫಲನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು, "ಈಗ ಹೊಡಿ" ಎಂದರು.

ಜಾಕೆಟ್ ತೊಟ್ಟು ನಿಂತೆ. ಸಿಟ್ಟು ಇಳಿದಿರಲಿಲ್ಲ, ಕೆನ್ನೆ ಬಿಸಿಯಾಗಿತ್ತು. ಮೊದಲ ಮೂರು ಗುಂಡು ನಡುವಿಗೇ ಹೋದವು. ನಾಲ್ಕನೆಯದು ಏಳಕ್ಕೆ ಹೋಗಿ ಬಿತ್ತು.

ಕೋಚ್ ಗಾಬರಿಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಬಂದರು. "ತಡಿ ತಡಿ, ಒಳಗ ಇನ್ನೂ ಏನೋ ಉಳದೈತಿ."

"ಬಿಡಿ ಸರ್, ಏನೂ ಉಳಿದಿಲ್ಲ" ಎಂದೆ. "ಟ್ರಿಗರ್ ಒತ್ತೋವಾಗ ಕೈ ನಡುಗ್ತು, ನಂಗೇ ಗೊತ್ತಾಯ್ತು. ಇದೊಂದು ನನ್ ತಪ್ಪು."