ಮೀಸೆ ಪಣಕ್ಕಿಟ್ಟ ಊಟ

ನನ್ನನ್ನು ಸೋಮಾರಿ ಎನ್ನಿ, ಜಿಪುಣ ಎನ್ನಿ, ನಕ್ಕು ಸುಮ್ಮನಾಗುತ್ತೇನೆ. ಮುದ್ದೆ ಅಗಿದು ತಿನ್ನುವವನು ಎಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಹಲ್ಲಿಗೆ ಸುಳಿವು ಸಿಗದಂತೆ ಗಂಟಲಿಗೆ ಇಳಿಸುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ವಿದ್ಯೆ. ಚಿತ್ರದುರ್ಗದಲ್ಲಿ ಮನೆ ಮಾಡಿ, ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತ ಮಾತ್ರಕ್ಕೆ ಅದು ಮರೆತುಹೋಗುತ್ತದೆಯೇ?

ಹೋಗಿದೆ ಎಂದವನು ನನ್ನ ಕಾಲೇಜು ಗೆಳೆಯ. ತುರುವನೂರು ಕಡೆಯವನು, ಕುರಿ ಸಾಕಿದ್ದಾನೆ. ಪೇಟೆಗೆ ಬಂದಾಗಲೆಲ್ಲ ಬಸ್ ನಿಲ್ದಾಣದ ಹಿಂದಿನ ಮೆಸ್ಸಿನಲ್ಲಿ ನನ್ನ ಜೊತೆ ಉಂಡೇ ಹೋಗಬೇಕು. ಅವತ್ತು ಮಧ್ಯಾಹ್ನ ಉಣ್ಣುವುದು ಬಿಟ್ಟು ನನ್ನ ದವಡೆಯನ್ನೇ ನೋಡುತ್ತಿದ್ದ.

"ಲೇ, ನಮ್ ಕುರಿ ಹಂಗೆ ಮೆಲುಕು ಹಾಕ್ತಿದೀಯಲ್ಲೋ. ಮುದ್ದೆ ನುಂಗೋದು ಮರ್ತೋಗೈತೆ ನಿಂಗೆ."

"ಇನ್ನೂ ಎರಡು ಮುದ್ದೆ ಹಲ್ಲಾಡಿಸದಂಗೆ ಇಳಿಸ್ತೀನಿ. ಏನ್ ಕಟ್ತೀಯ?"

"ಮೀಸೆ ಕಟ್ಟಾಣ. ಸೋತೋನು ಪಕ್ಕದ ಸಲೂನಾಗೆ ಬೋಳಿಸ್ಕಂಡೇ ಮನೀಗೆ ಹೋಗ್ಬೇಕು."

ಆಗಲೇಳು ಎಂದುಬಿಟ್ಟೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನನಗೆ ಎರಡೂ ಬರುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ನನ್ನ ಮೀಸೆ ಸಾಮಾನ್ಯದ್ದಲ್ಲ. ಎಣ್ಣೆ ಹಚ್ಚಿ, ತಿದ್ದಿ ತೀಡಿ ಸಾಕಿದ್ದು. ಕಚೇರಿಯಲ್ಲಿ ನನ್ನ ಮಾತಿಗಿಂತ ಅದಕ್ಕೇ ಹೆಚ್ಚು ಮರ್ಯಾದೆ.

ಮೆಸ್ಸಿನ ಯಜಮಾನರು ತೀರ್ಪುಗಾರರಾಗಿ ಎದುರಿಗೇ ಸ್ಟೂಲು ಹಾಕಿಕೊಂಡು ಕೂತರು. ಮೊದಲ ಮುದ್ದೆ ಬೆಣ್ಣೆಯಂತೆ ಇಳಿಯಿತು. ಎರಡನೆಯದೂ ಮುಕ್ಕಾಲು ಮುಗಿಯಿತು. ಗೆಳೆಯ ಆಗಲೇ ತನ್ನ ಮೀಸೆ ಸವರಿಕೊಳ್ಳುತ್ತಿದ್ದ. ಆ ಸಂತೋಷದಲ್ಲಿ ನಾನು ಮೈಮರೆತೆ. ಸಾರಿನಲ್ಲಿ ಬಲಿತ ನುಗ್ಗೆಕಾಯಿಯ ತುಂಡೊಂದು ಕಂಡಿತು, ಕೈ ತಾನಾಗಿ ಹೋಯಿತು, ಬಾಯಿಗಿಟ್ಟು ಚೆನ್ನಾಗಿ ಜಗಿದೆ.

"ಹಲ್ಲಾಡ್ತು! ಹಲ್ಲಾಡ್ತು!" ಎಂದು ಗೆಳೆಯ ಎಲೆ ಬಿಟ್ಟು ಎದ್ದ.

ಪಣ ಮುದ್ದೆಯದು, ನುಗ್ಗೆಕಾಯಿಯದಲ್ಲ ಎಂದು ವಾದಿಸಿದೆ. ಯಜಮಾನರು ಯೋಚಿಸಿ, "ಜಗಿಯೋವಾಗ ಬಾಯಾಗೆ ಮುದ್ದೆ ಇತ್ತೇನ್ರಿ?" ಎಂದರು. ಇತ್ತು. ಸುಳ್ಳು ಹೇಳೋಣವೆಂದರೆ ಅದು ಇನ್ನೂ ಅಲ್ಲೇ ಇತ್ತು.

ಸಲೂನಿನಲ್ಲಿ ನಾಲ್ಕಾರು ಜನ ಕಾಯುತ್ತಿದ್ದರು. ನಮ್ಮ ಬೀದಿಯ ಹಿರಿಯರೊಬ್ಬರೂ ಇದ್ದರು. ಮೀಸೆ ತೆಗೆಯಪ್ಪ ಎಂದೊಡನೆ ಎಲ್ಲರೂ ಗಪ್ಪಾದರು, ನನಗೇ ಕುರ್ಚಿ ಬಿಟ್ಟುಕೊಟ್ಟರು. ಸೋತವನಿಗೆ ಇಷ್ಟು ಮರ್ಯಾದೆಯೇ ಎಂದುಕೊಂಡು ಕೂತೆ. ಕ್ಷೌರಿಕ ಎಡಗಡೆಯ ಅರ್ಧ ತೆಗೆದು, ದನಿ ತಗ್ಗಿಸಿ ಕೇಳಿದ: "ತಲೆನೂ ತೆಗೀಬೇಕೇನ್ರಿ ಸಾರ್? ಯಾವಾಗ ಹೋದ್ರು ಅಪ್ಪಾರು?"

ನಮ್ಮಲ್ಲಿ ಗಂಡುಮಕ್ಕಳು ಮೀಸೆ ತೆಗೆಯುವುದು ಅಪ್ಪ ತೀರಿಕೊಂಡಾಗ. ಇದು ಗೊತ್ತಿಲ್ಲದವನಲ್ಲ ನಾನು. ಮುದ್ದೆಯ ಹಟದಲ್ಲಿ ನೆನಪಾಗಿರಲಿಲ್ಲ, ಅಷ್ಟೇ. ನನ್ನ ಅಪ್ಪ ಮನೆಯ ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗೆಳೆಯನ ಮುಖ ಕಪ್ಪಿಟ್ಟಿತು. "ನಂಗೂ ಹೊಳೀಲಿಲ್ಲ ಕಣೋ. ನಮ್ಮಪ್ಪ ಹೋಗಿ ಬಾಳ ವರ್ಷ ಆತಲ್ಲ." ಹಾಗೆಂದವನು ಪಕ್ಕದ ಕುರ್ಚಿಯಲ್ಲಿ ಕುಕ್ಕರಿಸಿದ. "ನಂದೂ ತೆಗಿಯಪ್ಪ. ಇಬ್ರೂ ತೆಗ್ದಿದ್ರೆ ಜನ ಫ್ಯಾಷನ್ನು ಅಂತಾರೆ."

"ಅಣ್ತಮ್ರೇನ್ರಿ?" ಎಂದು ಕ್ಷೌರಿಕ ಇನ್ನಷ್ಟು ಮರುಗಿದ.

ಉಳಿದರ್ಧವನ್ನೂ ತೆಗೆಸದೆ ವಿಧಿಯಿರಲಿಲ್ಲ. ತಿರುಗಿ ನೋಡಿದರೆ ನಮ್ಮ ಬೀದಿಯ ಹಿರಿಯರು ಕಾಣಲಿಲ್ಲ. ಆಗಲೇ ನಮ್ಮ ಮನೆಯ ದಾರಿ ಹಿಡಿದಿರಬೇಕು. ಎಂಬತ್ತು ದಾಟಿದ ಅಪ್ಪನಿಗೆ ಸಾವೆಂದರೆ ಭಯ. ಅದರ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾರೆ. ಯಾರಾದರೂ ಹೋಗಿ ಅವರ ಮುಂದೆಯೇ ಅತ್ತರೆ ಗತಿಯೇನು? ಆಟೋ ಹಿಡಿದು, ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡು ಮನೆಗೆ ಓಡಿಬಂದೆವು.

ತಡವಾಗಿತ್ತು. ಹಿರಿಯರು ದೊಡ್ಡ ಹೂವಿನ ಹಾರ ಹಿಡಿದು ಗೇಟಿನಲ್ಲಿ ಕಲ್ಲಾಗಿ ನಿಂತಿದ್ದರು. ಅಪ್ಪ ಜಗಲಿಯಿಂದಲೇ, "ಬರ್ರಿ, ಕುಂತ್ಕಳ್ರಿ. ಯಾರಿಗ್ರಿ ಹಾರ?" ಎಂದು ವಿಚಾರಿಸುತ್ತಿದ್ದರು. ಅವರು ಉತ್ತರ ಹುಡುಕುವಷ್ಟರಲ್ಲಿ ಅಪ್ಪನ ಕಣ್ಣು ನಮ್ಮಿಬ್ಬರ ಮೇಲೆ ಬಿತ್ತು. ಕರ್ಚೀಫು ತೆಗೆಯಲು ಕೈಸನ್ನೆ ಮಾಡಿದರು. ತೆಗೆದೆ. ನಡೆದದ್ದನ್ನು ಗೆಳೆಯನೇ ತೊದಲುತ್ತಾ ಹೇಳಿದ.

ಅಪ್ಪ ಎದ್ದು ಒಳಗೆ ಹೋಗಲಿಲ್ಲ. ಹತ್ತಿರ ಕರೆದು, ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ನಾನು ಹೋದ್ಮೇಲೆ ಹಿಂಗೆ ಕಾಣ್ತೀಯೇನಪ್ಪ?" ಎಂದರು. "ಥೂ, ಒಂಚೂರೂ ಚೆನ್ನಾಗಿಲ್ಲ. ಇನ್ನೊಂದಿಷ್ಟು ದಿನ ಇರ್ತೀನಿ ಬಿಡು."